ಕೊರೋನಾ ವೈರಸ್ ಕೋಶದೊಳಗೆ ಹೊಕ್ಕು ಮಾಡುವುದೇನು?

ಕೋವಿಡ್ ಉಲ್ಬಣಿಸಿದವರಲ್ಲಿ ಉಸಿರಾಟ ಕಷ್ಟವಾಗುವುದು ಸಾಮಾನ್ಯವಾಗಿ ಮೊದಲ ವಾರ ಕಳೆಯುವ ಹೊತ್ತಿಗೆ. ಆದರೆ ಅವರ ಮೂಗು, ಗಂಟಲುಗಳಲ್ಲಿ ವೈರಸ್ಸಿನ ಸಂಖ್ಯೆ ತುದಿ ಮುಟ್ಟುವುದು ಅದಕ್ಕೂ ಎಷ್ಟೋ ಮೊದಲು, ಮೈ ಬೆಚ್ಚಗಾಗಿ ಗಂಟಲು ಕೆರೆಯತೊಡಗಿದ ದಿನಗಳ ಆಸುಪಾಸಿನಲ್ಲಿ. ರೋಗಿ ಅತಿ ಹೆಚ್ಚು ನರಳುವ ಹೊತ್ತಿಗೆ ವೈರಸ್ ತನ್ನ ಕೆಲಸವನ್ನು ಬಹುಪಾಲು ಮುಗಿಸಿರುತ್ತದೆ. ವೈರಸ್ಸಿನ ಪಂಚಾಂಗ ಬೇರೆ, ರೋಗಿಯ ಪಂಚಾಂಗ ಬೇರೆ. ಯಾವ ಔಷಧಿ ಯಾವ ದಿನ ಕೊಟ್ಟರೆ ಫಲ, ಯಾವ ಪರೀಕ್ಷೆ ಯಾವ ದಿನ ಹಾದಿ ತಪ್ಪಿಸುತ್ತದೆ, ಲಸಿಕೆ ಪಡೆದವರಿಗೂ ಸೋಂಕು ಏಕೆ ತಗಲುತ್ತದೆ ಎಂಬುದೆಲ್ಲ ನಿಂತಿರುವುದು ಈ ಎರಡು ಪಂಚಾಂಗಗಳ ನಡುವಿನ ಅಂತರದ ಮೇಲೆ. ಅದನ್ನು ತಿಳಿಯಬೇಕಾದರೆ ವೈರಸ್ಸಿನ ಬೆನ್ನು ಹತ್ತಿ ಜೀವಕೋಶದೊಳಗೆ ಇಳಿಯಬೇಕು.

ಕಣದ ಒಳಗೂ ಹೊರಗೂ

ಕೋವಿಡ್ ತರುವ ಸಾರ್ಸ್-ಕೋವ್-2 ವೈರಸ್ಸಿನ ಒಂದು ಕಣದ ಅಡ್ಡಳತೆ ಸುಮಾರು 100 ನ್ಯಾನೋಮೀಟರ್. ಹತ್ತು ಸಾವಿರ ಕಣಗಳನ್ನು ಒತ್ತೊತ್ತಾಗಿ ಸಾಲು ಹಿಡಿಸಿದರೆ ಒಂದು ಮಿಲಿಮೀಟರ್ ಆದೀತು. ಸೋಂಕು ತುದಿಗೇರಿದ ಒಬ್ಬ ವ್ಯಕ್ತಿಯ ಮೈಯಲ್ಲಿರುವ ಅಷ್ಟೂ ಕಣಗಳನ್ನು ಒಟ್ಟುಗೂಡಿಸಿ ತೂಗಿದರೆ 1ರಿಂದ 100 ಮೈಕ್ರೋಗ್ರಾಂ ಎಂಬ ಲೆಕ್ಕಾಚಾರವಿದೆ. ಹೆಚ್ಚೆಂದರೆ ಪುಡಿ ಉಪ್ಪಿನ ಒಂದೆರಡು ಹರಳಿನ ತೂಕ. ಇಂಥ ಕಣವನ್ನು ಮಾಮೂಲಿ ಸೂಕ್ಷ್ಮದರ್ಶಕ ತೋರಿಸಲಾರದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕಿನ ಅಲೆಯೇ ಅದಕ್ಕಿಂತ ನಾಲ್ಕರಿಂದ ಏಳು ಪಟ್ಟು ಉದ್ದ. 1960ರ ದಶಕದಲ್ಲಿ ಜೂನ್ ಅಲ್ಮೇಡಾ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಕುಲದ ವೈರಸ್ಸುಗಳನ್ನು ನೋಡಿದಾಗ ಸುತ್ತಲೂ ಪ್ರಭಾವಳಿಯಂಥ ಅಂಚು ಕಂಡಿತು. ಸೂರ್ಯನ ಸುತ್ತಲಿನ ಕರೋನಾವನ್ನು ನೆನಪಿಸಿದ ಆ ಅಂಚಿನಿಂದಲೇ 1968ರಲ್ಲಿ ಹೆಸರು ಬಂತು.

ಕಣದ ರಚನೆ ಸರಳ. ಹೊರಗೊಂದು ಕೊಬ್ಬಿನ ಪೊರೆ. ಪೊರೆಯಲ್ಲಿ ಮೂರು ಬಗೆಯ ಪ್ರೊಟೀನುಗಳು ನೆಟ್ಟಿವೆ: ಹೊರಕ್ಕೆ ಚಾಚಿದ ಎಸ್, ಅಂದರೆ ಮುಳ್ಳು, ಪೊರೆಗೆ ಆಕಾರ ಕೊಡುವ ಎಂ, ಬೆರಳೆಣಿಕೆಯಷ್ಟೇ ಇರುವ ಪುಟ್ಟ ಇ. ಒಳಗೆ ನಾಲ್ಕನೆಯ ಪ್ರೊಟೀನ್ ಎನ್, ದಾರಕ್ಕೆ ಮಣಿ ಪೋಣಿಸಿದ ಹಾಗೆ, ವೈರಸ್ ಕಟ್ಟುವ ಸೂಚನೆಗಳನ್ನು ಬರೆದಿಟ್ಟ ಉದ್ದನೆಯ ಆರ್‌ಎನ್‌ಎ ಎಳೆಯನ್ನು ಸುತ್ತಿ ಹಿಡಿದಿದೆ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಮುಳ್ಳುಗಳು ಕದಂಬದ ಹೂವಿನಂತೆ ಕಿಕ್ಕಿರಿದಿರುತ್ತವೆ. ನಿಜವಾದ ಕಣದಲ್ಲಿ ಅವು ಸರಾಸರಿ 25ರ ಆಸುಪಾಸು, ಅಲ್ಲೊಂದು ಇಲ್ಲೊಂದು, ಬುಡದಲ್ಲಿ ಬಾಗಿ ತೊನೆದಾಡುವಂಥವು.

ಆ ಪೊರೆ ವೈರಸ್ಸಿನ ಸ್ವಂತದ್ದಲ್ಲ, ಹುಟ್ಟಿದ ಕೋಶದಿಂದ ಹರಿದುಕೊಂಡು ಬಂದದ್ದು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಸೋಪಿನ ಅಣುವಿಗೆ ಒಂದು ತುದಿ ನೀರನ್ನು ಬಯಸಿದರೆ ಇನ್ನೊಂದು ಕೊಬ್ಬನ್ನು ಬಯಸುತ್ತದೆ. ಕೊಬ್ಬಿನ ತುದಿಗಳು ಪೊರೆಯ ಸಂದುಗಳಲ್ಲಿ ಬೆಣೆಯಂತೆ ನುಗ್ಗಿ ಅದನ್ನು ಬಿಚ್ಚಿಹಾಕುತ್ತವೆ. ಇದಕ್ಕೆ ಹೊತ್ತು ಬೇಕು, ಬೆರಳ ಸಂದಿಗಳಿಗೂ ನೊರೆ ತಲುಪಬೇಕು. 20 ಸೆಕೆಂಡ್ ಉಜ್ಜಿ ಎನ್ನುವುದು ಅದಕ್ಕಾಗಿ. ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು. ಹಾಗೆಂದು ಅಪ್ಪಟ ಆಲ್ಕೋಹಾಲ್ ಇನ್ನೂ ಒಳ್ಳೆಯದೇನಲ್ಲ: ಪ್ರೊಟೀನುಗಳ ಮಡಿಕೆ ಬಿಚ್ಚಲು ಸ್ವಲ್ಪ ನೀರೂ ಬೇಕು, ಅಪ್ಪಟವಾದದ್ದು ಬೇಗ ಆರಿಯೂ ಹೋಗುತ್ತದೆ. ಪೊರೆಯೇ ಇಲ್ಲದ ನೋರೋವೈರಸ್‌ನಂಥವುಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟದಿರುವುದನ್ನು ಇಲ್ಲಿ ನೆನೆಯಬಹುದು.

ಇನ್ನು ಆರ್‌ಎನ್‌ಎ. 2020ರ ಜನವರಿಯಲ್ಲಿ ಪ್ರಕಟವಾದ ವುಹಾನ್ ಮಾದರಿಯಲ್ಲಿ ಅದರ ಉದ್ದ 29,903 ಅಕ್ಷರ, ಅಂದರೆ ಅಷ್ಟು ರಾಸಾಯನಿಕ ಕೊಂಡಿಗಳು. ಎಚ್‌ಐವಿಯ ಬರಹ ಹತ್ತು ಸಾವಿರ ಅಕ್ಷರಕ್ಕೂ ಕಡಿಮೆ, ಇನ್‌ಫ್ಲುಯೆಂಜಾದ್ದು ಹದಿಮೂರೂವರೆ ಸಾವಿರದಷ್ಟು. ಆರ್‌ಎನ್‌ಎ ವೈರಸ್ಸುಗಳ ನಡುವೆ ಕೊರೋನಾ ಕುಲದ್ದು ದೊಡ್ಡ ಗ್ರಂಥ. ಅಷ್ಟು ದೊಡ್ಡ ಗ್ರಂಥವನ್ನು ತಪ್ಪಿಲ್ಲದೆ ನಕಲು ಮಾಡುವುದು ಹೇಗೆ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಬಾಗಿಲು

ಮನುಷ್ಯರನ್ನು ಹಿಡಿಯುವ ಕೊರೋನಾ ವೈರಸ್ಸುಗಳು ಏಳು. 229ಇ, ಓಸಿ43, ಎನ್‌ಎಲ್63, ಎಚ್‌ಕೆಯು1 ಎಂಬ ನಾಲ್ಕು ವರ್ಷವರ್ಷವೂ ನೆಗಡಿ ಕೊಟ್ಟು ಹೋಗುವಂಥವು. ಉಳಿದ ಮೂರು 2002ರ ಸಾರ್ಸ್, 2012ರ ಮರ್ಸ್ ಮತ್ತು 2019ರ ಸಾರ್ಸ್-ಕೋವ್-2. ಪ್ರತಿಯೊಂದೂ ಕೋಶದ ಮೇಲ್ಮೈಯ ಯಾವುದೋ ಒಂದು ಅಣುವನ್ನು ಹಿಡಿದು ಒಳಬರುತ್ತದೆ. ಮರ್ಸ್‌ಗೆ ಅದು ಡಿಪಿಪಿ4. ಎರಡೂ ಸಾರ್ಸ್‌ಗಳಿಗೆ ಎಸಿಇ2. ನೆಗಡಿಯ ಎನ್‌ಎಲ್63 ಕೂಡ ಇದೇ ಎಸಿಇ2 ಹಿಡಿದೇ ಬರುತ್ತದೆ ಎಂಬುದನ್ನು ಗಮನಿಸಬೇಕು. ಬಾಗಿಲು ಒಂದೇ ಆದರೂ ಒಂದು ಸೀನಿಸಿ ಬಿಡುತ್ತದೆ, ಇನ್ನೊಂದು ಕೊಲ್ಲುತ್ತದೆ. ರೋಗದ ತೀವ್ರತೆಯನ್ನು ಬಾಗಿಲೊಂದೇ ತೀರ್ಮಾನಿಸುವುದಿಲ್ಲ.

ಎಸಿಇ2 ಅಲ್ಲಿರುವುದು ವೈರಸ್ಸಿಗಾಗಿ ಅಲ್ಲ. ರಕ್ತನಾಳಗಳನ್ನು ಬಿಗಿಸುವ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನನ್ನು ಕತ್ತರಿಸಿ ರಕ್ತದೊತ್ತಡ ಹತೋಟಿಯಲ್ಲಿಡುವ ಕಿಣ್ವ ಅದು. ಮೂಗಿನ ಒಳಪದರ, ಶ್ವಾಸಕೋಶ, ಕರುಳು, ಮೂತ್ರಪಿಂಡ, ಹೃದಯ ಎಲ್ಲೆಡೆ ಇದೆ. ಉಸಿರಾಟದ ದಾರಿಯಲ್ಲಿ ಅದು ಹೆಚ್ಚು ಸಿಗುವುದು ಮೂಗಿನಲ್ಲಿ, ಕೆಳಗಿಳಿದಂತೆ ಕಡಿಮೆ. ಸೋಂಕು ಮೂಗಿನಲ್ಲಿ ಬೇರೂರಲು ಇದೂ ಒಂದು ಕಾರಣ.

ಮುಳ್ಳು ಎಂದರೆ ಒಂದೇ ಪ್ರೊಟೀನಿನ ಮೂರು ಪ್ರತಿಗಳು ಹೆಣೆದುಕೊಂಡ ಗೊಂಚಲು. ಒಂದೊಂದು ಪ್ರತಿಯಲ್ಲಿ 1,273 ಅಮೈನೋ ಆಮ್ಲಗಳು. ಅದರ ಮೇಲೆ 22 ಕಡೆ ಸಕ್ಕರೆಯ ಸರಪಳಿಗಳು ಕೂತಿವೆ. ಈ ಸಕ್ಕರೆ ನಮ್ಮದೇ ಕೋಶ ಅಂಟಿಸಿದ್ದು, ಹಾಗಾಗಿ ಪ್ರತಿಕಾಯಗಳಿಗೆ ಪರಕೀಯವೆನಿಸದೆ ಮುಸುಕಿನಂತೆ ಕೆಲಸ ಮಾಡುತ್ತದೆ. ಮುಳ್ಳಿನ ತುದಿಯಲ್ಲಿ ಎಸಿಇ2 ಹಿಡಿಯುವ ಭಾಗವಿದೆ. ಅದು ಸಾಮಾನ್ಯವಾಗಿ ತಲೆ ತಗ್ಗಿಸಿ ಮುಸುಕಿನೊಳಗೆ ಮಲಗಿರುತ್ತದೆ. ಆಗಾಗ ಎದ್ದು ನಿಲ್ಲುತ್ತದೆ. ಎದ್ದು ನಿಂತಾಗ ಮಾತ್ರ ಎಸಿಇ2 ಹಿಡಿಯಬಲ್ಲದು, ಪ್ರತಿಕಾಯಗಳಿಗೆ ಪೂರ್ತಿಯಾಗಿ ಮೈಯೊಡ್ಡುವುದೂ ಆಗಲೇ. ಎದ್ದರೆ ಅಪಾಯ, ಏಳದಿದ್ದರೆ ಪ್ರವೇಶವಿಲ್ಲ.

ಹಿಡಿದ ಮಾತ್ರಕ್ಕೆ ಒಳಗೆ ಹೋದಂತಾಗಲಿಲ್ಲ. ಮುಳ್ಳನ್ನು ಎರಡು ಕಡೆ ಕತ್ತರಿಸಬೇಕು. ಮೊದಲ ಕತ್ತರಿ ವೈರಸ್ ಹುಟ್ಟುವಾಗಲೇ ಬೀಳುತ್ತದೆ. ಮುಳ್ಳಿನ ನಡುವೆ, 681ರಿಂದ 685ನೆಯ ಸ್ಥಾನಗಳಲ್ಲಿ, ನಮ್ಮ ಕೋಶದ ಫ್ಯೂರಿನ್ ಎಂಬ ಕಿಣ್ವ ಗುರುತಿಸುವ ಜಾಗವಿದೆ. ಹೊಸ ಕಣ ಹೊರಬರುವ ದಾರಿಯಲ್ಲೇ ಫ್ಯೂರಿನ್ ಅಲ್ಲಿ ಕಚ್ಚು ಹಾಕಿ ಕಳಿಸುತ್ತದೆ. 2002ರ ಸಾರ್ಸ್‌ಗೆ ಈ ಜಾಗವಿರಲಿಲ್ಲ. ಎರಡನೆಯ ಕತ್ತರಿ ಮುಂದಿನ ಕೋಶದ ಬಾಗಿಲಲ್ಲಿ, ಎಸಿಇ2 ಹಿಡಿದ ಮೇಲೆ. ಅದನ್ನು ಹಾಕುವುದು ಉಸಿರಾಟದ ಕೋಶಗಳ ಮೇಲ್ಮೈಯಲ್ಲಿ ಕೂತ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ. ಆಗ ಮುಳ್ಳಿನ ಮೇಲ್ಭಾಗ ಕಳಚಿ ಬೀಳುತ್ತದೆ. ಒಳಗಡೆ ಬಿಲ್ಲಿನಂತೆ ಬಿಗಿದಿದ್ದ ಬುಡದ ಭಾಗ ನೆಟ್ಟಗೆ ಚಿಮ್ಮಿ ತುದಿಯನ್ನು ಕೋಶದ ಪೊರೆಗೆ ಚುಚ್ಚುತ್ತದೆ, ಮರುಗಳಿಗೆ ತನ್ನ ಮೇಲೇ ಮಡಚಿಕೊಳ್ಳುತ್ತದೆ. ಚುಚ್ಚಿ ಮಡಚಿದ್ದರಿಂದ ಎರಡು ಪೊರೆಗಳೂ ಎಳೆದುಕೊಂಡು ಬಂದು ಬೆರೆತು ಒಂದಾಗುತ್ತವೆ. ಆರ್‌ಎನ್‌ಎ ಒಳಕ್ಕೆ ಜಾರುತ್ತದೆ.

ಒಮ್ಮೆ ಚಿಮ್ಮಿದ ಮುಳ್ಳು ಮತ್ತೆ ಹಳೆಯ ಆಕಾರಕ್ಕೆ ಬಾರದು. ಲಸಿಕೆ ಮಾಡುವವರಿಗೆ ಇದು ತಲೆನೋವು, ಏಕೆಂದರೆ ದೇಹಕ್ಕೆ ತೋರಿಸಬೇಕಾದದ್ದು ಚಿಮ್ಮುವ ಮೊದಲಿನ ಆಕಾರ. 986 ಮತ್ತು 987ನೆಯ ಸ್ಥಾನಗಳಲ್ಲಿ ಪ್ರೊಲೀನ್ ಎಂಬ ಬಿರುಸಾದ ಅಮೈನೋ ಆಮ್ಲವನ್ನು ಕೂರಿಸಿದರೆ ಬಿಲ್ಲು ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಈ ಉಪಾಯ ಮರ್ಸ್ ಅಧ್ಯಯನದಿಂದ ಮೊದಲೇ ಗೊತ್ತಿತ್ತು. ಎಂಆರ್‌ಎನ್‌ಎ ಲಸಿಕೆಗಳು 2020ರಲ್ಲಿ ಅಷ್ಟು ಬೇಗ ಸಿದ್ಧವಾದದ್ದರ ಹಿಂದೆ ಈ ಎರಡು ಪ್ರೊಲೀನುಗಳ ಪಾಲು ದೊಡ್ಡದು.

ಟಿಎಂಪಿಆರ್‌ಎಸ್‌ಎಸ್2 ಇಲ್ಲದ ಕೋಶಕ್ಕೆ ವೈರಸ್ ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಕೋಶ ಹೊರಗಿನದನ್ನು ನುಂಗಲು ಬಳಸುವ ಗುಳ್ಳೆಯೊಳಗೆ ಸೇರಿಕೊಂಡು, ಆ ಗುಳ್ಳೆಯ ಆಮ್ಲದಲ್ಲಿ ಚುರುಕಾಗುವ ಕ್ಯಾಥೆಪ್ಸಿನ್ ಎಂಬ ಕಿಣ್ವದಿಂದ ಎರಡನೆಯ ಕತ್ತರಿ ಹಾಕಿಸಿಕೊಳ್ಳುತ್ತದೆ. ಕೋವಿಡ್ಡಿಗೆ ಮದ್ದೆಂದು ಸುದ್ದಿಯಾದ ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ನಿನ ಗೊಂದಲ ಹುಟ್ಟಿದ್ದು ಇಲ್ಲಿಂದಲೇ. ಆ ಮಾತ್ರೆ ಗುಳ್ಳೆಯ ಆಮ್ಲವನ್ನು ತಗ್ಗಿಸುತ್ತದೆ. 2020ರಲ್ಲಿ ಅದನ್ನು ಮೊದಲು ಪರೀಕ್ಷಿಸಿದ್ದು ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ವೀರೋ ಕೋಶಗಳಲ್ಲಿ, ಅಂದರೆ ಮಂಗದ ಮೂತ್ರಪಿಂಡದ ಕೋಶಗಳಲ್ಲಿ. ಅವುಗಳಲ್ಲಿ ಟಿಎಂಪಿಆರ್‌ಎಸ್‌ಎಸ್2 ಇಲ್ಲದಷ್ಟು ಕಡಿಮೆ, ಆದ್ದರಿಂದ ವೈರಸ್ಸಿಗೆ ಹಿತ್ತಿಲ ಬಾಗಿಲೇ ಗತಿ. ಮಾತ್ರೆ ಅದನ್ನು ಮುಚ್ಚಿತು, ಸೋಂಕು ನಿಂತಿತು. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ಮುಂಬಾಗಿಲು ತೆರೆದೇ ಇದೆ, ಅಲ್ಲಿ ಮಾತ್ರೆ ಏನೂ ಮಾಡಲಿಲ್ಲ. ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಔಷಧಿ ಪ್ರಯೋಗದಲ್ಲೂ ಆಸ್ಪತ್ರೆ ಸೇರಿದ ರೋಗಿಗಳ ಸಾವು ಅದರಿಂದ ತಗ್ಗಲಿಲ್ಲ. ಬಟ್ಟಲಲ್ಲಿ ಗೆದ್ದ ಔಷಧಿ ಮೈಯಲ್ಲಿ ಸೋಲುವುದು ಹೊಸದೇನಲ್ಲ. ಆದರೆ ಏಕೆ ಸೋತಿತು ಎಂದು ಇಷ್ಟು ಸ್ಪಷ್ಟವಾಗಿ ಬೆರಳಿಟ್ಟು ತೋರಿಸಬಹುದಾದ ಪ್ರಸಂಗಗಳು ಕಡಿಮೆ.

ಒಳಗಿನ ಹತ್ತು ಗಂಟೆ

ಕೋಶದೊಳಗೆ ಬಿದ್ದ ಆರ್‌ಎನ್‌ಎಗೆ ತಲೆಯಲ್ಲಿ ಟೋಪಿ, ಬಾಲದಲ್ಲಿ 'ಎ' ಅಕ್ಷರಗಳ ಸರ ಇರುತ್ತದೆ. ನಮ್ಮದೇ ಸಂದೇಶವಾಹಕ ಆರ್‌ಎನ್‌ಎ ಇರುವುದೂ ಹೀಗೆಯೇ. ಪ್ರೊಟೀನ್ ಕಟ್ಟುವ ರೈಬೋಸೋಮಿಗೆ ವ್ಯತ್ಯಾಸ ತಿಳಿಯದೆ ಓದಲು ಕೂರುತ್ತದೆ. ಮೊದಲ ಮೂರನೇ ಎರಡು ಭಾಗದಷ್ಟು ಬರಹದಿಂದ ಹುಟ್ಟುವುದು ಎರಡು ಉದ್ದುದ್ದ ಪ್ರೊಟೀನ್ ಸರಪಳಿಗಳು, ಒಂದು ಗಿಡ್ಡ, ಒಂದು ಉದ್ದ. ಉದ್ದನೆಯದು ಹುಟ್ಟಬೇಕಾದರೆ ರೈಬೋಸೋಮ್ ಒಂದು ನಿರ್ದಿಷ್ಟ ಜಾಗದಲ್ಲಿ ಒಂದಕ್ಷರ ಹಿಂದಕ್ಕೆ ಜಾರಬೇಕು. ಅಲ್ಲಿ ಆರ್‌ಎನ್‌ಎ ಗಂಟು ಹಾಕಿಕೊಂಡು ಅಡ್ಡ ಕೂತಿರುತ್ತದೆ. ರೈಬೋಸೋಮ್ ಮುಗ್ಗರಿಸುತ್ತದೆ, ಕೆಲವು ಸಲ ಜಾರುತ್ತದೆ, ಕೆಲವು ಸಲ ಇಲ್ಲ. ಯಾವ ಪ್ರೊಟೀನ್ ಎಷ್ಟು ಬೇಕೆಂಬ ಪ್ರಮಾಣವನ್ನು ವೈರಸ್ ನಿಭಾಯಿಸುವುದು ಈ ಎಡವುವಿಕೆಯಿಂದಲೇ.

ಸರಪಳಿಗಳನ್ನು ತುಂಡರಿಸಿದರೆ 16 ಉಪಕರಣಗಳು ಸಿಗುತ್ತವೆ. ತುಂಡರಿಸುವ ಕತ್ತರಿಗಳು ಸರಪಳಿಯಲ್ಲೇ ಅಡಗಿವೆ, ತಮ್ಮನ್ನು ತಾವೇ ಬಿಡಿಸಿಕೊಂಡು ಹೊರಬರುತ್ತವೆ. ಮುಖ್ಯವಾದದ್ದು ಐದನೆಯ ತುಂಡು, ಮುಖ್ಯ ಪ್ರೋಟಿಯೇಸ್. ಅದು ಕತ್ತರಿಸುವ ಬಗೆಯಲ್ಲಿ ಕತ್ತರಿಸುವ ಕಿಣ್ವ ಮನುಷ್ಯರಲ್ಲಿ ಇಲ್ಲ, ಹಾಗಾಗಿ ಔಷಧಿಗೆ ಒಳ್ಳೆಯ ಗುರಿ. ನಿರ್ಮಟ್ರೆಲ್ವಿರ್ ಎಂಬ ಮಾತ್ರೆ ಹೋಗಿ ಕೂರುವುದು ಆ ಕತ್ತರಿಯ ಬಾಯಲ್ಲಿ. ಆದರೆ ಯಕೃತ್ತು ಅದನ್ನು ಬಲುಬೇಗ ಒಡೆದುಹಾಕುತ್ತದೆ. ಒಡೆಯುವ ಆ ಕಿಣ್ವವನ್ನು ಕಟ್ಟಿಹಾಕಲು ರಿಟೋನಾವಿರ್ ಎಂಬ ಇನ್ನೊಂದು ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ತೊಡಕು ಶುರುವಾಗುವುದು ಇಲ್ಲಿ: ಅದೇ ಕಿಣ್ವ ಕೊಬ್ಬಿಳಿಸುವ ಕೆಲವು ಸ್ಟ್ಯಾಟಿನ್‌ಗಳನ್ನು, ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳನ್ನು, ಅಂಗಕಸಿ ಮಾಡಿಸಿಕೊಂಡವರ ಟ್ಯಾಕ್ರೋಲಿಮಸ್‌ನ್ನೂ ಒಡೆಯುವಂಥದು. ಅದನ್ನು ಕಟ್ಟಿಹಾಕಿದರೆ ಇವೆಲ್ಲ ರಕ್ತದಲ್ಲಿ ಏರಿ ವಿಷವಾಗಬಹುದು. ರೋಗಿ ಈಗಾಗಲೇ ಏನೇನು ನುಂಗುತ್ತಿದ್ದಾರೆ ಎಂದು ಕೇಳದೆ ಬರೆಯಬಾರದ ಔಷಧಿ ಇದು.

ಮೊದಲ ತುಂಡಿನ ಕೆಲಸ ಕೇಡಿನದು. ಅದು ರೈಬೋಸೋಮಿನಲ್ಲಿ ಆರ್‌ಎನ್‌ಎ ತೂರುವ ಕಿಂಡಿಗೆ ಬಿರಡೆ ಬಡಿಯುತ್ತದೆ. ಕೋಶದ ಸ್ವಂತ ಸಂದೇಶಗಳು ಬಾಗಿಲಲ್ಲೇ ನಿಲ್ಲುತ್ತವೆ. ವೈರಸ್ಸಿನ ಸಂದೇಶಗಳ ತಲೆಯಲ್ಲಿ ಒಂದು ಸಣ್ಣ ಮಡಿಕೆ ಇದೆ, ಅದಿದ್ದವುಗಳಿಗೆ ಮಾತ್ರ ಬಿರಡೆ ಸರಿಯುತ್ತದೆ. ಹೀಗೆ ಕೋಶ ಕೂಗಿಕೊಳ್ಳಲು ಬೇಕಾದ ಪ್ರೊಟೀನುಗಳನ್ನೇ ಮಾಡಲಾರದೆ ಹೋಗುತ್ತದೆ.

ಇನ್ನು ನಕಲು ಮಾಡುವ ಕೆಲಸ. ಅದಕ್ಕೆ ಮುಂಚೆ ವೈರಸ್ ಕೋಶದ ಒಳಪೊರೆಗಳನ್ನು ಎಳೆದು ಬಾಗಿಸಿ ಎರಡು ಪದರದ ಗುಳ್ಳೆಗಳನ್ನು ಮಾಡಿಕೊಳ್ಳುತ್ತದೆ. ನಕಲಾಗುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ಆರೋಗ್ಯವಂತ ಕೋಶದಲ್ಲಿ ಅಷ್ಟುದ್ದದ ಎರಡೆಳೆ ಇರುವುದೇ ಇಲ್ಲ, ಆದ್ದರಿಂದ ಅದು ಕಂಡರೆ ಕೋಶದ ಕಾವಲು ಪ್ರೊಟೀನುಗಳು ಎಚ್ಚೆತ್ತು ಇಂಟರ್‌ಫೆರಾನ್ ಎಂಬ ಅಪಾಯದ ಗಂಟೆ ಬಾರಿಸುತ್ತವೆ. ಗುಳ್ಳೆಯೊಳಗೆ ಬಚ್ಚಿಟ್ಟು ನಕಲು ಮಾಡಿದರೆ ಗಂಟೆ ತಡವಾಗುತ್ತದೆ. ಈ ತಡವೇ ವೈರಸ್ಸಿಗೆ ಲಾಭ.

ನಕಲು ಮಾಡುವ ಕಿಣ್ವ ಹನ್ನೆರಡನೆಯ ತುಂಡು. ಇಂಥ ಕಿಣ್ವಗಳು ಅವಸರದ ಗುಮಾಸ್ತರು, ಹೆಜ್ಜೆಹೆಜ್ಜೆಗೂ ತಪ್ಪು ಮಾಡುತ್ತವೆ. ಸಣ್ಣ ವೈರಸ್ಸುಗಳು ಹಾಗೇ ಬದುಕುತ್ತವೆ. ಮೂವತ್ತು ಸಾವಿರ ಅಕ್ಷರಗಳಿಗೆ ಅದೇ ದರದಲ್ಲಿ ತಪ್ಪಾದರೆ ಗ್ರಂಥ ಕೆಲವೇ ತಲೆಮಾರಿನಲ್ಲಿ ಕೆಟ್ಟುಹೋಗುತ್ತದೆ. ಅದಕ್ಕೆ ಕೊರೋನಾ ಕುಲ ಒಬ್ಬ ಕರಡು ತಿದ್ದುವವನನ್ನು ಇಟ್ಟುಕೊಂಡಿದೆ, ಹದಿನಾಲ್ಕನೆಯ ತುಂಡು. ತಪ್ಪಕ್ಷರ ಸೇರಿದ ಕೂಡಲೇ ಅದನ್ನು ಕಿತ್ತು ಹಾಕುತ್ತದೆ. ಸುಳ್ಳು ಅಕ್ಷರ ಉಣಿಸಿ ಕೆಡಿಸುವ ರಿಬಾವಿರಿನ್‌ನಂಥ ಹಳೆಯ ಔಷಧಿಗಳು ಕೊರೋನಾ ಮೇಲೆ ಸಪ್ಪೆಯಾಗಲು ಈ ತಿದ್ದುಗಾರ ಒಂದು ಕಾರಣ. ರೆಮ್‌ಡೆಸಿವಿರ್ ಕೂಡ ಸುಳ್ಳು ಅಕ್ಷರವೇ, ಆದರೆ ಅದು ಸೇರಿದಾಕ್ಷಣ ನಕಲು ನಿಲ್ಲುವುದಿಲ್ಲ, ಇನ್ನೂ ಮೂರು ಅಕ್ಷರ ಮುಂದೆ ಹೋದ ಮೇಲೆ ತಡೆ ಬೀಳುತ್ತದೆ. ಅಷ್ಟು ಹೊತ್ತಿಗೆ ಸುಳ್ಳು ಅಕ್ಷರ ಒಳಗೆ ಹುದುಗಿ ತಿದ್ದುಗಾರನ ಕೈಗೆ ಸುಲಭಕ್ಕೆ ಸಿಗದು. ಮೋಲ್ನುಪಿರಾವಿರ್‌ನದು ಇನ್ನೊಂದು ದಾರಿ. ಅದು ಒಮ್ಮೆ ಒಂದು ಅಕ್ಷರದಂತೆ, ಇನ್ನೊಮ್ಮೆ ಬೇರೆ ಅಕ್ಷರದಂತೆ ನಟಿಸಿ ಬರಹದ ತುಂಬ ತಪ್ಪು ತುಂಬಿಸುತ್ತದೆ.

ಉಳಿದ ಮೂರನೇ ಒಂದು ಭಾಗದಿಂದ ಎಸ್, ಇ, ಎಂ, ಎನ್ ತಯಾರಾಗುತ್ತವೆ. ಕೋಶದ ಪ್ರೊಟೀನ್ ಸಾಗಣೆಯ ನಡುದಾರಿಯಲ್ಲಿ, ಪೊರೆಯಲ್ಲಿ ಕೂತ ಎಂ ಪ್ರೊಟೀನುಗಳು ಒಂದಕ್ಕೊಂದು ಆತು ಪೊರೆಯನ್ನು ಬಾಗಿಸುತ್ತವೆ. ಎನ್ ಸುತ್ತಿದ ಆರ್‌ಎನ್‌ಎ ಬಂದು ಸೇರುತ್ತದೆ, ಮೊಗ್ಗು ಉದುರಿದಂತೆ ಹೊಸ ಕಣ ಒಳಗುಳ್ಳೆಗೆ ಉದುರುತ್ತದೆ, ಅಲ್ಲಿಂದ ಕೋಶದ ಹೊರಕ್ಕೆ. ಹೊಕ್ಕಾಗಿನಿಂದ ಮೊದಲ ಹೊಸ ಕಣ ಹೊರಬೀಳುವವರೆಗೆ ಸುಮಾರು ಹತ್ತು ಗಂಟೆ. ಒಂದು ಕೋಶದಿಂದ ಒಟ್ಟು ಸಾವಿರದ ಆಸುಪಾಸು ಕಣಗಳು ಹುಟ್ಟುತ್ತವೆಂಬುದು ಅಂದಾಜು. ಅವುಗಳಲ್ಲಿ ಬಹುಪಾಲು ಮತ್ತೊಂದು ಕೋಶವನ್ನು ಹೊಗುವ ಯೋಗ್ಯತೆಯಿಲ್ಲದವು. ಇಷ್ಟಿದ್ದೂ ಎರಡು ಮೂರು ದಿನಗಳಲ್ಲಿ ಮೂಗು ತುಂಬುತ್ತದೆ.

ಮೂಗಿನಿಂದ ಶ್ವಾಸಕೋಶಕ್ಕೆ

ಮೂಗಿನಲ್ಲಿ ಮೊದಲು ಬಲಿಯಾಗುವುದು ಲೋಳೆಯನ್ನು ಗುಡಿಸುವ ರೋಮಕೋಶಗಳು. ಗುಡಿಸುವವರು ಸತ್ತರೆ ಲೋಳೆ ನಿಂತಲ್ಲೇ ನಿಲ್ಲುತ್ತದೆ, ಅದರೊಳಗಿನ ವೈರಸ್ ಉಸಿರಿನೊಡನೆ ಕೆಳಗಿಳಿಯಲು ಅನುಕೂಲ. ವಾಸನೆ ಹೋಗುವುದು ವಾಸನೆಯ ನರಕೋಶಗಳು ಸತ್ತದ್ದರಿಂದ ಎಂದು ಮೊದಮೊದಲು ಹೆದರಿದ್ದರು. ಆ ನರಗಳಲ್ಲಿ ಎಸಿಇ2 ಹೆಚ್ಚುಕಡಿಮೆ ಇಲ್ಲ. ಸೋಂಕು ತಗಲುವುದು ಅವುಗಳನ್ನು ಪೋಷಿಸುವ ಆಸರೆ ಕೋಶಗಳಿಗೆ. ಅವು ಮತ್ತೆ ಬೆಳೆಯಬಲ್ಲವು, ಬಹುತೇಕರಿಗೆ ವಾರಗಳಲ್ಲಿ ವಾಸನೆ ಮರಳುವುದು ಅದರಿಂದಲೇ.

ಇಲ್ಲಿ ಇಂಟರ್‌ಫೆರಾನ್ ಗಂಟೆ ಸಕಾಲಕ್ಕೆ ಬಾರಿಸಿದರೆ ಸುತ್ತಲ ಕೋಶಗಳು ಬಾಗಿಲು ಹಾಕಿಕೊಳ್ಳುತ್ತವೆ, ರೋಗ ಮೂಗು ಗಂಟಲಲ್ಲೇ ಮುಗಿಯುತ್ತದೆ. ಮಕ್ಕಳ ಮೂಗಿನ ಕೋಶಗಳಲ್ಲಿ ಈ ವ್ಯವಸ್ಥೆ ಮೊದಲೇ ಚುರುಕಾಗಿರುತ್ತದೆ. ಕೆಲವರಲ್ಲಿ ಗಂಟೆಯೇ ಮೂಕ: ತೀವ್ರ ನ್ಯುಮೋನಿಯಾ ಆದವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಗೆ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವೆಂದು 2020ರಲ್ಲಿ ಪತ್ತೆಯಾಯಿತು. ಅವರಲ್ಲಿ ಹೆಚ್ಚಿನವರು ಗಂಡಸರು.

ತಡೆ ಸಿಗದ ವೈರಸ್ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಇಳಿಯುತ್ತದೆ. ಇವು ಸುಮಾರು 48 ಕೋಟಿ. ಗೋಡೆಯ ಬಹುಭಾಗ ಚಪ್ಪಟೆಯಾದ ಒಂದನೇ ಬಗೆಯ ಕೋಶಗಳದು, ಆಮ್ಲಜನಕ ದಾಟುವುದು ಅವುಗಳ ಮೂಲಕ. ನಡುನಡುವೆ ಕೂತ ಎರಡನೇ ಬಗೆಯ ಕೋಶಗಳಲ್ಲಿ ಎಸಿಇ2 ಇದೆ, ವೈರಸ್ಸಿಗೆ ಬೇಕಾದದ್ದು ಅವೇ. ಅವುಗಳಿಗೆ ಎರಡು ಕೆಲಸ: ಗೂಡು ಮುದುಡದಂತೆ ಒಳಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪ ಕೊಡುವುದು, ಮತ್ತು ಒಂದನೇ ಬಗೆಯವು ಸತ್ತಾಗ ಅವುಗಳ ಜಾಗ ತುಂಬುವುದು. ಅವೇ ಸತ್ತರೆ ಲೇಪವೂ ಇಲ್ಲ, ದುರಸ್ತಿಯೂ ಇಲ್ಲ. ಗೂಡುಗಳು ಮುದುಡುತ್ತವೆ, ರಕ್ತನಾಳಗಳಿಂದ ನೀರು ಸೋರಿ ತುಂಬುತ್ತದೆ, ಅದರ ಹಿಂದೆ ಬಿಳಿ ರಕ್ತಕಣಗಳ ದಂಡು ಬರುತ್ತದೆ. ಸಣ್ಣ ನಾಳಗಳ ಒಳಗೋಡೆ ಕೆರಳಿ ರಕ್ತ ಹೆಪ್ಪುಗಟ್ಟತೊಡಗುತ್ತದೆ.

ಆಮ್ಲಜನಕ ಇಳಿದರೂ ಕೆಲವರು ಏದುಸಿರು ಬಿಡದೆ ಮಾತಾಡುತ್ತ ಕೂತಿರುವುದನ್ನು ಕಂಡು ವೈದ್ಯರೇ ಚಕಿತರಾಗಿದ್ದರು. ಉಸಿರಿಗೆ ಒತ್ತಾಯ ಮಾಡುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದು ಪೊರೆಗಳನ್ನು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ದಾಟುತ್ತದೆ. ಅರೆಹಾಳಾದ ಶ್ವಾಸಕೋಶವೂ ಅದನ್ನು ಹೊರಹಾಕುತ್ತಲೇ ಇರುತ್ತದೆ, ಆಮ್ಲಜನಕ ಮಾತ್ರ ಒಳಬರುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಸಂಖ್ಯೆ 94ಕ್ಕಿಂತ ಕೆಳಗೆ ನಿಂತರೆ, ರೋಗಿ ಆರಾಮವಾಗಿದ್ದೇನೆ ಎಂದರೂ ವೈದ್ಯರಿಗೆ ತೋರಿಸಬೇಕು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಸಂಖ್ಯೆ ಸರಿ ಬರುವುದಿಲ್ಲ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸಿಬಿಡುವ ದೋಷವೂ ಈ ಸಾಧನಕ್ಕಿದೆ.

ಎರಡು ಪಂಚಾಂಗಗಳ ಮಾತು ಮತ್ತೆ ಬರುವುದು ಇಲ್ಲಿ. ಈ ಹಂತದಲ್ಲಿ ಹಾನಿ ಮಾಡುತ್ತಿರುವುದು ಬಹುಪಾಲು ದೇಹದ್ದೇ ಉರಿಯೂತ. ವೈರಸ್ ನಿರೋಧಕ ಮಾತ್ರೆಯನ್ನು ಲಕ್ಷಣ ಕಂಡ ಐದು ದಿನದೊಳಗೆ ಶುರುಮಾಡಬೇಕು ಎನ್ನುವುದು ಆಮೇಲೆ ತಡೆಯಲು ಹೆಚ್ಚು ನಕಲುಗಳೇ ಉಳಿದಿರುವುದಿಲ್ಲ ಎಂದು. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇದಕ್ಕೆ ತಿರುವುಮುರುವು. ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನದವರೆಗೆ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ತಗ್ಗಿತೆಂದು ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭ ಕಾಣಲಿಲ್ಲ. ಸ್ಟಿರಾಯ್ಡ್ ರೋಗನಿರೋಧಕ ವ್ಯವಸ್ಥೆಯನ್ನು ಮೆತ್ತಗಾಗಿಸುವಂಥದು; ಮೊದಲ ದಿನಗಳಲ್ಲೇ ನುಂಗಿದರೆ ವೈರಸ್ಸಿನ ಎದುರು ಕಾವಲುಗಾರನ ಕೈ ಕಟ್ಟಿದಂತೆ.

2002-03ರ ಸಾರ್ಸ್‌ನಲ್ಲಿ ಎರಡು ಪಂಚಾಂಗಗಳೂ ಹೆಚ್ಚುಕಡಿಮೆ ಕೂಡಿಬಂದಿದ್ದವು. ಅದರ ರೋಗಿಯ ಮೂಗುಗಂಟಲಲ್ಲಿ ವೈರಸ್ ಗರಿಷ್ಠವಾಗುತ್ತಿದ್ದದ್ದು ಲಕ್ಷಣ ಕಂಡು ಹತ್ತು ದಿನದ ಹೊತ್ತಿಗೆ, ಆತ ಆಸ್ಪತ್ರೆ ಸೇರಿದ ಮೇಲೆ. ಕಾಯಿಲೆಯವರನ್ನು ಬೇರ್ಪಡಿಸಿದ್ದರಿಂದಲೇ ಸೋಂಕು ನಿಂತಿತು. ಎಂಟು ಸಾವಿರ ಚಿಲ್ಲರೆ ರೋಗಿಗಳು, 774 ಸಾವುಗಳಲ್ಲಿ ಅದು ಮುಗಿಯಿತು. ಕೋವಿಡ್‌ನಲ್ಲಿ ಲಕ್ಷಣ ಕಾಣುವ ಎರಡು ದಿನ ಮೊದಲೇ ಉಸಿರಿನಲ್ಲಿ ವೈರಸ್ ಹೊರಬೀಳುತ್ತಿರುತ್ತದೆ, ಮಾತಾಡಿದರೂ ಹಾಡಿದರೂ ಸಾಕು. ಸೂಕ್ಷ್ಮ ಹನಿಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಮೊದಲ ತಿಂಗಳುಗಳಲ್ಲಿ ಮೇಜು ಕುರ್ಚಿ ಒರೆಸುವುದಕ್ಕೆ ಪಟ್ಟ ಶ್ರಮದ ಅರ್ಧವನ್ನು ಕಿಟಕಿ ತೆರೆಯುವುದಕ್ಕೆ ಪಟ್ಟಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು.

ಪರೀಕ್ಷೆಗಳು ಓದುವುದು ಯಾವುದನ್ನು

ಪಿಸಿಆರ್ ಹುಡುಕುವುದು ಆರ್‌ಎನ್‌ಎ ತುಣುಕನ್ನು, ಸುತ್ತು ಸುತ್ತಿಗೂ ಅದನ್ನು ಇಮ್ಮಡಿಸುತ್ತ. ಎಷ್ಟನೇ ಸುತ್ತಿನಲ್ಲಿ ಕಂಡಿತೋ ಅದೇ ಸಿಟಿ ಮೌಲ್ಯ. ಹತ್ತು ಸುತ್ತಿನ ವ್ಯತ್ಯಾಸವೆಂದರೆ ಸಾವಿರ ಪಟ್ಟು. 18ನೇ ಸುತ್ತಿಗೆ ಕಂಡ ಮಾದರಿಯಲ್ಲಿ 35ನೇ ಸುತ್ತಿಗೆ ಕಂಡದ್ದಕ್ಕಿಂತ ಲಕ್ಷಕ್ಕೂ ಮೀರಿದ ಪಟ್ಟು ಹೆಚ್ಚು ಆರ್‌ಎನ್‌ಎ ಇದೆ. ಆದರೆ ಬೇರೆ ಬೇರೆ ಪ್ರಯೋಗಾಲಯಗಳ ಸಂಖ್ಯೆಗಳನ್ನು ಹೋಲಿಸಬಾರದು, ಕಡ್ಡಿಯನ್ನು ಮೂಗಿನಲ್ಲಿ ಎಷ್ಟು ಸರಿಯಾಗಿ ಆಡಿಸಿದರು ಎಂಬುದರಿಂದಲೂ ಅದು ಏರುಪೇರಾಗುತ್ತದೆ. ಸತ್ತ ವೈರಸ್ಸಿನ ಚೂರೂ ಪಿಸಿಆರ್‌ಗೆ ಸಿಗುವುದರಿಂದ ಗುಣವಾದ ವಾರಗಳ ಮೇಲೂ ಪಾಸಿಟಿವ್ ಬರಬಹುದು. ಅದು ಇನ್ನೂ ಹರಡುತ್ತಿದ್ದೀರಿ ಎಂಬುದಕ್ಕೆ ಪುರಾವೆಯಲ್ಲ.

ಮನೆಯಲ್ಲೇ ಮಾಡುವ ಆಂಟಿಜೆನ್ ಪಟ್ಟಿ ಹುಡುಕುವುದು ಎನ್ ಪ್ರೊಟೀನನ್ನು. ಕಣದಲ್ಲಿ ಅದು ಹೇರಳ, ಮುಳ್ಳಿನಷ್ಟು ಬೇಗ ಬದಲಾಗುವುದೂ ಇಲ್ಲ. ಇದರಲ್ಲಿ ಇಮ್ಮಡಿಸುವ ಹಂತ ಇಲ್ಲ, ಹಾಗಾಗಿ ವೈರಸ್ ಸಾಕಷ್ಟು ಇದ್ದಾಗ ಮಾತ್ರ ಗೆರೆ ಮೂಡುತ್ತದೆ. ಗಂಟಲು ಕೆರೆದ ಮೊದಲ ದಿನ ನೆಗೆಟಿವ್ ಬಂದರೆ ನಿಶ್ಚಿಂತರಾಗಬಾರದು, 48 ಗಂಟೆ ಬಿಟ್ಟು ಮತ್ತೊಮ್ಮೆ ನೋಡಬೇಕು. ನಿಗದಿತ ಸಮಯ ದಾಟಿದ ಮೇಲೆ ಮೂಡುವ ಮಬ್ಬು ಗೆರೆಗೆ ಬೆಲೆ ಕೊಡಬೇಕಿಲ್ಲ.

ಬದಲಾಗುತ್ತ ಹೋದದ್ದು

ತಿದ್ದುಗಾರನಿದ್ದರೂ ತಪ್ಪು ಉಳಿಯುತ್ತವೆ, ಹರಡುತ್ತಿರುವ ಒಂದು ತಳಿಯಲ್ಲಿ ತಿಂಗಳಿಗೆ ಸುಮಾರು ಎರಡು. ಹೆಚ್ಚಿನವು ನಿಷ್ಪ್ರಯೋಜಕ. 2020ರಲ್ಲಿ ಜಗತ್ತನ್ನು ಆವರಿಸಿದ ಮೊದಲ ಮುಖ್ಯ ಬದಲಾವಣೆ ಮುಳ್ಳಿನ 614ನೆಯ ಸ್ಥಾನದ್ದು; ಅದರಿಂದ ತಲೆ ಎತ್ತಿ ನಿಲ್ಲುವ ಮುಳ್ಳುಗಳು ಹೆಚ್ಚಾದವು. ಡೆಲ್ಟಾದಲ್ಲಿ 681ನೆಯ ಸ್ಥಾನ ಬದಲಾಗಿ ಫ್ಯೂರಿನ್ ಕತ್ತರಿ ಇನ್ನಷ್ಟು ಸಲೀಸಾಗಿ ಬಿತ್ತು. 2021ರ ನವೆಂಬರಿನಲ್ಲಿ ಕಂಡ ಒಮಿಕ್ರಾನಿನ ಮುಳ್ಳಿನಲ್ಲಿ ಒಮ್ಮೆಗೇ 30ಕ್ಕೂ ಮಿಕ್ಕ ಬದಲಾವಣೆಗಳು. ಅದು ಮುಂಬಾಗಿಲಿನ ಟಿಎಂಪಿಆರ್‌ಎಸ್‌ಎಸ್2ಕ್ಕೆ ಜೋತುಬೀಳದೆ ಹಿತ್ತಿಲ ದಾರಿಯನ್ನು ಹೆಚ್ಚು ಬಳಸತೊಡಗಿತು, ಗಾಳಿಗೂಡಿನ ಕೋಶಗಳಲ್ಲಿ ಹಿಂದಿನ ತಳಿಗಳಷ್ಟು ಚೆನ್ನಾಗಿ ಬೆಳೆಯಲಿಲ್ಲ. ಒಂದೇ ಕೋಶಕ್ಕೆ ಎರಡು ತಳಿ ಹೊಕ್ಕಾಗ ನಕಲು ಮಾಡುವ ಕಿಣ್ವ ಒಂದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿ ಬೆರಕೆ ಮಾಡುವುದೂ ಉಂಟು. 2022ರ ಎಕ್ಸ್‌ಬಿಬಿ ಹುಟ್ಟಿದ್ದು ಹಾಗೆ.

ಲಸಿಕೆಯೋ ಹಿಂದಿನ ಸೋಂಕೋ ಕೊಟ್ಟ ರಕ್ಷಣೆ ಎರಡು ಪದರದ್ದು. ರಕ್ತದಲ್ಲಿ ಸುತ್ತುವ ಪ್ರತಿಕಾಯಗಳು ಕಣವನ್ನು ಬಾಗಿಲಲ್ಲೇ ತಡೆಯಬಲ್ಲವು, ಆದರೆ ತೋಳಿಗೆ ಚುಚ್ಚಿದ ಲಸಿಕೆಯಿಂದ ಮೂಗಿನ ಲೋಳೆಗೆ ಒಸರುವ ಪಾಲು ಕಡಿಮೆ. ತಿಂಗಳುಗಳು ಕಳೆದಂತೆ ಅವು ಇಳಿಯುತ್ತವೆ, ಮುಳ್ಳು ಬದಲಾದರೆ ಹಿಡಿತ ಜಾರುತ್ತದೆ. ಎರಡನೆಯ ಪದರ ಟಿ ಕೋಶಗಳೆಂಬ ಬಿಳಿ ರಕ್ತಕಣಗಳದು, ಅವು ಹಾಗಲ್ಲ. ಅವು ನೋಡುವುದು ವೈರಸ್ ಪ್ರೊಟೀನಿನ ಸಣ್ಣ ಚೂರುಗಳನ್ನು, ಸೋಂಕಿತ ಕೋಶ ತನ್ನ ಮೈಮೇಲೆ ತೋರಿಸಿದಾಗ. ಬಹುಪಾಲು ಚೂರುಗಳು ತಳಿ ಬದಲಾದರೂ ಹಾಗೇ ಉಳಿದಿರುತ್ತವೆ. ಆದರೆ ಅವು ಕಣವನ್ನು ತಡೆಯಲಾರವು, ಹೊಕ್ಕ ಮೇಲೆ ಕೋಶವನ್ನು ಕೊಂದು ಹರಡುವುದನ್ನು ನಿಲ್ಲಿಸುತ್ತವೆ. ನೆನಪಿನ ಕೋಶಗಳು ಎಚ್ಚೆತ್ತು ಸಂಖ್ಯೆ ಹೆಚ್ಚಿಸಿಕೊಳ್ಳಲು ನಾಲ್ಕೈದು ದಿನ ಬೇಕು. ದಡಾರದ ವೈರಸ್ ಒಳಹೊಕ್ಕು ಜ್ವರ ಬರಲು ಹತ್ತು ದಿನದಷ್ಟು ಹಿಡಿಯುತ್ತದೆ, ನೆನಪಿನ ಕೋಶಗಳಿಗೆ ಧಾರಾಳ ಸಮಯ. ಒಮಿಕ್ರಾನ್ ತೆಗೆದುಕೊಳ್ಳುವುದು ಮೂರು ದಿನ. ಅವು ಮೂಗಿಗೆ ಬಂದು ಮುಟ್ಟುವಷ್ಟರಲ್ಲಿ ಸೀನು ಶುರುವಾಗಿರುತ್ತದೆ, ಪಕ್ಕದವರಿಗೂ ತಗಲಿರುತ್ತದೆ. ಗಾಳಿಗೂಡುಗಳಿಗೆ ಮಾತ್ರ ವೈರಸ್ಸಿಗಿಂತ ಮೊದಲೇ ತಲುಪಿರುತ್ತವೆ.